ಕನ್ನಡದ ಕೀಲಿಗೆ ಕಾವಲಿನ ಅಡ್ಡಿ

ನುಡಿ ತಂತ್ರಾಂಶದಲ್ಲಿ ‘ಕನ್ನಡ’ ಎಂಬ ಪದ ಮೂಡಲು ಐದು ಕೀಲಿ ಒತ್ತಬೇಕು: ಕೆ, ಎನ್, ಎಫ್, ಎನ್, ಡಬ್ಲ್ಯು. ಕೆ ಒತ್ತಿದರೆ ಕ, ಎನ್ ಒತ್ತಿದರೆ ನ, ಡಬ್ಲ್ಯು ಒತ್ತಿದರೆ ಡ. ನಡುವಿನ ಎಫ್ ಒತ್ತಕ್ಷರಕ್ಕೆ ದಾರಿ ಮಾಡಿಕೊಡುತ್ತದೆ. ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ, ನಾಗಮಂಗಲದ ತಾಲ್ಲೂಕು ಕಚೇರಿಗಳ ಆಸುಪಾಸಿನ ಡಿಟಿಪಿ ಅಂಗಡಿಗಳಲ್ಲಿ ಕೂತವರ ಬೆರಳಿಗೆ ಈ ಕೀಲಿಗಳು ನೋಡದೆಯೇ ಸಿಗುತ್ತವೆ. ಕಣ್ಣು ಪಕ್ಕದಲ್ಲಿಟ್ಟ ಕೈಬರಹದ ಕರಡಿನ ಮೇಲೆ, ಬೆರಳು ಕೀಲಿಮಣೆಯ ಮೇಲೆ. ಕ್ರಯಪತ್ರದ ಚಕ್ಕುಬಂದಿ ಬರೆದು ಮುಗಿಸಿ ತಲೆಯೆತ್ತಿ ನೋಡಿದರೆ ಕೊನೆಯ ಮೂರು ಸಾಲು ಬರೀ ಇಂಗ್ಲಿಷ್ ಅಕ್ಷರಗಳ ರಾಶಿ. ಯಾವ ಗಳಿಗೆಯಲ್ಲಿ ಕನ್ನಡ ನಿಂತುಹೋಯಿತು ಎಂಬುದು ಗೊತ್ತೇ ಆಗಿರುವುದಿಲ್ಲ.

‘ನುಡಿ ಆಫ್ ಆಗೋಗದೆ, ವಸಿ ತಡೀರಿ’ ಎಂಬ ಮಾತು ಈ ಅಂಗಡಿಗಳಲ್ಲಿ ಹೊಸದಲ್ಲ. ಮೊದಲು ಸ್ಕ್ರೋಲ್ ಲಾಕ್ ಒತ್ತುತ್ತಾರೆ. ಆಗದಿದ್ದರೆ ನುಡಿಯನ್ನು ಮುಚ್ಚಿ ಮತ್ತೆ ತೆರೆಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ಇಡೀ ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡುತ್ತಾರೆ. ಕಿಕ್ಕೇರಿಯಿಂದಲೋ ಬಿಂಡಿಗನವಿಲೆಯಿಂದಲೋ ಬೆಳಗಿನ ಬಸ್ಸಿಗೆ ಬಂದ ರೈತ ಸಬ್ ರಿಜಿಸ್ಟ್ರಾರ್ ಕಚೇರಿಯ ಸಮಯ ಮೀರುತ್ತದೆಂದು ಬಾಗಿಲಲ್ಲಿ ಚಡಪಡಿಸುತ್ತಾನೆ. ತಪ್ಪು ಯಾರದು ಎಂದು ಕೇಳಿದರೆ ಬಹುತೇಕರ ಬೆರಳು ನುಡಿಯ ಕಡೆಗೇ ತಿರುಗುತ್ತದೆ. ಆದರೆ ತಪ್ಪು ಎಷ್ಟೋ ಸಲ ನುಡಿಯದಲ್ಲ. ಅದೇ ಯಂತ್ರದಲ್ಲಿ ಕಾವಲಿಗೆಂದು ಕೂತ ಆಂಟಿವೈರಸ್, ವಿಂಡೋಸ್‌ನ ಸುರಕ್ಷತಾ ನಿಯಮ, ತನ್ನ ಮೈಯನ್ನು ತಾನೇ ಕಾಯಲು ಹೊರಟ ಬ್ರೌಸರ್, ಈ ಮೂರೂ ಸೇರಿ ಕನ್ನಡದ ದಾರಿಗೆ ಅಡ್ಡ ನಿಲ್ಲುತ್ತವೆ.

ಕೀಲಿಮಣೆಯಿಂದ ಪರದೆಯವರೆಗಿನ ದಾರಿಯನ್ನು ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯವರಿಗೆ ವಿಶ್ವೇಶ್ವರಯ್ಯ ನಾಲೆಯ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಒತ್ತಿದ ಪ್ರತಿಯೊಂದು ಕೀಲಿಯ ಸುದ್ದಿ ಮೊದಲು ವಿಂಡೋಸ್‌ಗೆ ಹೋಗುತ್ತದೆ. ಅಲ್ಲಿಂದ ವರ್ಡ್, ಪೇಜ್‌ಮೇಕರ್, ಬ್ರೌಸರ್ ಯಾವುದು ಎದುರಿಗೆ ತೆರೆದಿದೆಯೋ ಅದರತ್ತ ಹರಿಯುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಹೊರತಂದ ಬರಹ, ಇಂಥ ತಂತ್ರಾಂಶಗಳು ಈ ಹರಿವಿನ ನಡುವೆ ಒಂದು ತೂಬು ಇಡುತ್ತವೆ. ಕೆ ಎಂಬ ಕೀಲಿಯ ಸುದ್ದಿ ವರ್ಡ್ ತಲುಪುವ ಮುನ್ನವೇ ಅದನ್ನು ಹಿಡಿದು, ಅದರ ಜಾಗದಲ್ಲಿ ‘ಕ’ವನ್ನು ಮುಂದಕ್ಕೆ ಬಿಡುತ್ತವೆ. ತಂತ್ರಜ್ಞರು ಈ ತೂಬನ್ನು ‘ಹುಕ್’ ಎನ್ನುತ್ತಾರೆ. ವಿಂಡೋಸ್ ತಾನೇ ಒದಗಿಸಿರುವ, ಪೂರ್ತಿ ಸಕ್ರಮವಾದ ಸೌಲಭ್ಯ ಅದು.

ತೊಡಕು ಇರುವುದು ಇಲ್ಲೇ. ಬ್ಯಾಂಕಿನ ಪಾಸ್‌ವರ್ಡ್ ಕದಿಯುವ ಕೀಲಾಗರ್ ಎಂಬ ಕಳ್ಳ ತಂತ್ರಾಂಶವೂ ಇದೇ ತೂಬನ್ನೇ ಬಳಸುತ್ತದೆ. ನುಡಿ ಕೀಲಿಯನ್ನು ಹಿಡಿದು ಕನ್ನಡವಾಗಿಸುತ್ತದೆ, ಕೀಲಾಗರ್ ಹಿಡಿದು ಕಳ್ಳನಿಗೆ ರವಾನಿಸುತ್ತದೆ. ನಾಲೆ ಏರಿಯ ಮೇಲೆ ಟಾರ್ಚ್ ಹಿಡಿದು ನಡೆಯುವ ನೀರುಗಂಟಿಗೆ ದೂರದಿಂದ ಎರಡೂ ಒಂದೇ ಥರದ ತೂತಾಗಿ ಕಾಣುತ್ತವೆ. ಆಂಟಿವೈರಸ್‌ನ ಸ್ಥಿತಿಯೂ ಹಾಗೆಯೇ. ಪರಿಚಿತ ವೈರಸ್‌ಗಳ ಗುರುತಿನ ಪಟ್ಟಿ ಅದರ ಬಳಿ ಇರುತ್ತದೆ. ಪಟ್ಟಿಯಲ್ಲಿಲ್ಲದ ಹೊಸ ಕಳ್ಳನನ್ನು ಹಿಡಿಯಲು ಅದು ನಡವಳಿಕೆಯನ್ನು ನೋಡಬೇಕು. ಎಲ್ಲ ಕೀಲಿಗಳನ್ನೂ ಕೇಳಿಸಿಕೊಳ್ಳುವ, ಕಂಪ್ಯೂಟರ್ ಶುರುವಾದೊಡನೆ ತಾನೂ ಶುರುವಾಗುವ, ಕಿಟಕಿಯೇ ಇಲ್ಲದೆ ಮೂಲೆಯಲ್ಲಿ ಕೂರುವ ತಂತ್ರಾಂಶವನ್ನು ಕಂಡರೆ ಅದಕ್ಕೆ ಅನುಮಾನ ಬರುತ್ತದೆ. ಕನ್ನಡ ಟೈಪಿಂಗ್ ತಂತ್ರಾಂಶದ ಸಹಜ ಲಕ್ಷಣಗಳೂ ಇವೇ.

ಇದರ ಮೇಲೆ ಇನ್ನೊಂದು ಅನ್ಯಾಯವಿದೆ. ವಿಂಡೋಸ್‌ನ ಸ್ಮಾರ್ಟ್‌ಸ್ಕ್ರೀನ್‌ನಂಥ ಕಾವಲುಗಳು ಒಂದು ಕಡತವನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸುವಾಗ, ಅದಕ್ಕೆ ತಯಾರಕರ ಡಿಜಿಟಲ್ ಸಹಿ ಇದೆಯೇ, ಜಗತ್ತಿನಲ್ಲಿ ಎಷ್ಟು ಮಂದಿ ಅದನ್ನು ಇಳಿಸಿಕೊಂಡಿದ್ದಾರೆ ಎಂದು ನೋಡುತ್ತವೆ. ಕೋಟ್ಯಂತರ ಜನ ಇಳಿಸಿಕೊಳ್ಳುವ ಅಮೆರಿಕದ ತಂತ್ರಾಂಶಕ್ಕೆ ಒಂದೇ ದಿನದಲ್ಲಿ ಒಳ್ಳೆಯ ಹೆಸರು ಬರುತ್ತದೆ. ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳ ಡಿಟಿಪಿ ಅಂಗಡಿಗಳಲ್ಲಿ ಓಡಾಡುವ ಒಂದು ಸಣ್ಣ ಫಾಂಟ್ ಪರಿವರ್ತಕಕ್ಕೆ ಆ ಹೆಸರು ಎಂದೂ ಬರುವುದಿಲ್ಲ. ಸಣ್ಣ ಭಾಷೆಯ ಸಣ್ಣ ತಂತ್ರಾಂಶ ಅಪರಿಚಿತ ಎಂಬ ಕಾರಣಕ್ಕೇ ಅನುಮಾನಕ್ಕೆ ಗುರಿಯಾಗುತ್ತದೆ.

ಟೈಪ್ ಮಾಡುತ್ತಿರುವಾಗಲೇ ಕನ್ನಡ ನಿಂತುಹೋಗುವುದಕ್ಕೆ ಇನ್ನೂ ಸೂಕ್ಷ್ಮವಾದ ಕಾರಣವೊಂದುಂಟು. ಕೀಲಿಯನ್ನು ತಳಮಟ್ಟದಲ್ಲೇ ಹಿಡಿಯುವ ಹುಕ್‌ಗೆ ವಿಂಡೋಸ್ ಒಂದು ಗಡುವು ಕೊಡುತ್ತದೆ. ಆ ಗಡುವಿನೊಳಗೆ ಉತ್ತರ ಬರದಿದ್ದರೆ ಕೀಲಿಯನ್ನು ನೇರವಾಗಿ ಮುಂದೆ ಬಿಡುತ್ತದೆ. ವಿಂಡೋಸ್ 7ರಿಂದೀಚೆಗೆ ಇನ್ನೂ ಒಂದು ಹೆಜ್ಜೆ ಹೋಗಿ, ತಡಮಾಡುವ ಹುಕ್‌ ಅನ್ನು ಸದ್ದಿಲ್ಲದೆ ಕಿತ್ತುಹಾಕುತ್ತದೆ. ಕಿತ್ತದ್ದನ್ನು ಬಳಕೆದಾರನಿಗೂ ಹೇಳುವುದಿಲ್ಲ, ಆ ತಂತ್ರಾಂಶಕ್ಕೂ ಹೇಳುವುದಿಲ್ಲ. ವಿಂಡೋಸ್ 10ರ 2017ರ ಒಂದು ಆವೃತ್ತಿಯಿಂದ ಈ ಗಡುವು ಒಂದು ಸೆಕೆಂಡ್ ಮೀರುವಂತಿಲ್ಲ. ಹಳೆಯ ಯಂತ್ರ, ಕಡಿಮೆ ರ‍್ಯಾಮ್, ಆಗತಾನೇ ಗಿರಾಕಿ ಕೊಟ್ಟ ಪೆನ್‌ಡ್ರೈವ್ ಚುಚ್ಚಿದ್ದರಿಂದ ಆಂಟಿವೈರಸ್ ಭರದಿಂದ ತಪಾಸಣೆ ಶುರುಮಾಡಿದೆ ಎಂದಿಟ್ಟುಕೊಳ್ಳಿ. ಇಡೀ ಯಂತ್ರ ಒಂದೆರಡು ಸೆಕೆಂಡ್ ತಿಣುಕಿದರೆ ಸಾಕು, ತೂಬು ಮುಚ್ಚಿಹೋಗುತ್ತದೆ. ಪರದೆಯ ಮೂಲೆಯಲ್ಲಿ ತಂತ್ರಾಂಶದ ಚಿತ್ರ ಹಾಗೆಯೇ ಇರುತ್ತದೆ, ಅಕ್ಷರ ಮಾತ್ರ ಇಂಗ್ಲಿಷಿನಲ್ಲಿ ಬೀಳುತ್ತದೆ. ಮುಚ್ಚಿ ತೆರೆದರೆ ಸರಿಹೋಗುವುದು ಇದಕ್ಕೇ, ಆಗ ಹುಕ್ ಹೊಸದಾಗಿ ಕೂರುತ್ತದೆ.

ಇನ್ನೊಂದು ಒಗಟು: ವರ್ಡ್‌ನಲ್ಲಿ ಕನ್ನಡ ಬರುತ್ತದೆ, ಪಕ್ಕದ ಕಿಟಕಿಯಲ್ಲಿ ಬರುವುದಿಲ್ಲ. ಆ ಪಕ್ಕದ ತಂತ್ರಾಂಶವನ್ನು ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದಿದ್ದರೆ ಹಾಗಾಗುತ್ತದೆ. ಕೆಳಗಿನ ಅಧಿಕಾರದ ತಂತ್ರಾಂಶ ಮೇಲಿನ ಅಧಿಕಾರದ್ದರ ಕೀಲಿಗಳಿಗೆ ಕೈಹಾಕಬಾರದು ಎಂಬ ನಿಯಮ ವಿಂಡೋಸ್ ವಿಸ್ಟಾ ಕಾಲದಿಂದ ಇದೆ. ಎರಡನ್ನೂ ಒಂದೇ ಅಧಿಕಾರದಲ್ಲಿ ತೆರೆದರೆ ಮುಗಿಯಿತು. ಇದಕ್ಕಾಗಿ ಫಾರ್ಮ್ಯಾಟ್ ಮಾಡಿಸಿ ಹಣ ತೆತ್ತವರಿದ್ದಾರೆ.

ಬ್ರೌಸರ್‌ಗಳ ಕಥೆ ಬೇರೆ. ಅವು ಒಂದು ಕಾಲದಲ್ಲಿ ಆಂಟಿವೈರಸ್‌ಗೆ ಮನೆಯೊಳಗೇ ಜಾಗ ಕೊಟ್ಟಿದ್ದವು. ಪುಟಗಳನ್ನು ತಪಾಸಿಸಲೆಂದು ಆಂಟಿವೈರಸ್ ತನ್ನ ಕೋಡನ್ನು ಕ್ರೋಮ್‌ನ ಒಳಕ್ಕೇ ತೂರಿಸುತ್ತಿತ್ತು. 2017ರ ನವೆಂಬರ್‌ನಲ್ಲಿ ಗೂಗಲ್ ಲೆಕ್ಕ ಹೇಳಿತು: ವಿಂಡೋಸ್‌ನಲ್ಲಿ ಕ್ರೋಮ್ ಬಳಸುವವರಲ್ಲಿ ಸುಮಾರು ಮೂರನೇ ಎರಡು ಪಾಲು ಜನರ ಯಂತ್ರದಲ್ಲಿ ಕ್ರೋಮ್ ಜೊತೆ ವ್ಯವಹರಿಸುವ ಬೇರೆ ತಂತ್ರಾಂಶಗಳಿವೆ, ಹಾಗೆ ಕೋಡ್ ತೂರಿಸಿಕೊಂಡವರ ಕ್ರೋಮ್ ಕುಸಿದುಬೀಳುವ ಸಂಭವ ಶೇ 15ರಷ್ಟು ಹೆಚ್ಚು. 2018ರ ಏಪ್ರಿಲ್‌ನಿಂದ ಎಚ್ಚರಿಕೆ, ಜುಲೈಯಿಂದ ತಡೆ, 2019ರ ಜನವರಿಯ ಹೊತ್ತಿಗೆ ಬಾಗಿಲು ಪೂರ್ತಿ ಬಂದ್ ಎಂದು ವೇಳಾಪಟ್ಟಿ ಹಾಕಿತು. ಮೂರು ಬಗೆಯವಕ್ಕೆ ವಿನಾಯಿತಿ ಕೊಟ್ಟಿತು: ಮೈಕ್ರೋಸಾಫ್ಟ್ ಸಹಿಯ ಕೋಡ್, ಅಂಗವಿಕಲರ ನೆರವಿನ ತಂತ್ರಾಂಶ ಮತ್ತು ಭಾಷಾ ಟೈಪಿಂಗ್‌ನ ಐಎಂಇ.

ಈ ಮೂರನೆಯ ವಿನಾಯಿತಿ ಕನ್ನಡಿಗರು ಗಮನಿಸಬೇಕಾದದ್ದು. ವಿಂಡೋಸ್‌ನ ಪದ್ಧತಿಯಂತೆ ‘ನಾನು ಭಾಷೆಯ ಕೀಲಿಮಣೆ’ ಎಂದು ನೋಂದಾಯಿಸಿಕೊಂಡು ಬಂದ ತಂತ್ರಾಂಶಕ್ಕೆ ಬಾಗಿಲು ತೆರೆದಿದೆ. ಹುಕ್ ಹಾಕಿ ಹಿತ್ತಿಲಿನಿಂದ ಬಂದದ್ದು ಕನ್ನಡಕ್ಕಾಗಿ ಬಂದಿದೆಯೋ ಕಳ್ಳತನಕ್ಕೋ ಎಂದು ತಿಳಿಯಲು ಬ್ರೌಸರ್‌ಗೆ ದಾರಿಯಿಲ್ಲ.

ಹೋಬಳಿ ಮಟ್ಟದ ನಾಡಕಚೇರಿ, ಊರಿನ ಸೇವಾ ಕೇಂದ್ರಗಳಲ್ಲಿ ತೊಡಕು ಇನ್ನೊಂದು ರೂಪದಲ್ಲಿ ಕಾಣುತ್ತದೆ. ಮೇಲುಕೋಟೆಯ ಅಜ್ಜಿಯೊಬ್ಬರು ಪಿಂಚಣಿ ಕೆಲಸಕ್ಕೆ ಹೆಬ್ಬೆಟ್ಟು ಕೊಡಬೇಕು ಎನ್ನೋಣ. ಆಧಾರ್ ಪ್ರಾಧಿಕಾರದ ನಿಯಮದಂತೆ ಬೆರಳಚ್ಚು ಯಂತ್ರ ನೇರವಾಗಿ ವೆಬ್‌ ಪುಟಕ್ಕೆ ಮಾತಾಡುವುದಿಲ್ಲ. ನಡುವೆ ‘ಆರ್‌ಡಿ ಸರ್ವಿಸ್’ ಎಂಬ ಸಣ್ಣ ತಂತ್ರಾಂಶ ಅದೇ ಕಂಪ್ಯೂಟರಿನೊಳಗೆ 11100ರಿಂದ 11120ರವರೆಗಿನ ಯಾವುದಾದರೊಂದು ಪೋರ್ಟ್‌ನಲ್ಲಿ ಕಾದು ಕೂತಿರುತ್ತದೆ. ಬ್ರೌಸರ್‌ನಲ್ಲಿ ತೆರೆದ ಪುಟ ಆ ಪೋರ್ಟ್‌ಗಳನ್ನು ಒಂದೊಂದಾಗಿ ತಟ್ಟಿ, ‘ಬೆರಳಚ್ಚು ಕೊಡು’ ಎಂದು ಕೇಳುತ್ತದೆ. ಜಿಎಸ್‌ಟಿ ಜಾಲತಾಣದಲ್ಲಿ ಡಿಜಿಟಲ್ ಸಹಿ ಹಾಕಿಸುವ ಎಮ್‌ಸೈನರ್ ಕೂಡ ಇದೇ ಧಾಟಿಯದು, ಅದು ಕೂರುವುದು 1585ನೇ ಪೋರ್ಟ್‌ನಲ್ಲಿ.

ಹೊರಗಿನ ಜಾಲತಾಣವೊಂದು ಕಂಪ್ಯೂಟರಿನ ಒಳಗಿನ ತಂತ್ರಾಂಶದ ಬಾಗಿಲು ತಟ್ಟುವುದು ಕಾವಲುಗಾರನ ಕಣ್ಣಿಗೆ ಒಳ್ಳೆಯ ಲಕ್ಷಣವಲ್ಲ. ಆಂಟಿವೈರಸ್‌ನ ವೆಬ್ ಕಾವಲು ಈ ಸಂಭಾಷಣೆಯ ನಡುವೆ ಬಂದರೆ ‘ಡಿವೈಸ್ ನಾಟ್ ರೆಡಿ’ ಎಂಬ ಉತ್ತರ ಬರುತ್ತದೆ. ಯಂತ್ರ ಕೆಟ್ಟಿದೆ ಎಂದು ವಯರ್ ಕಿತ್ತು ಹಾಕುತ್ತಾರೆ, ಅಜ್ಜಿಯ ಬೆರಳು ಸವೆದಿದೆ ಎಂದು ಸೀರೆ ಸೆರಗಿಗೆ ಒರೆಸಿಸುತ್ತಾರೆ. 2025ರ ಅಕ್ಟೋಬರ್ ಕೊನೆಯಲ್ಲಿ ಬಂದ ಕ್ರೋಮ್ 142 ಇದಕ್ಕೆ ಇನ್ನೊಂದು ಬಾಗಿಲು ಸೇರಿಸಿದೆ. ಸ್ಥಳೀಯ ಜಾಲವನ್ನಾಗಲಿ ಅದೇ ಕಂಪ್ಯೂಟರಿನ ಒಳಗಿನ ತಂತ್ರಾಂಶವನ್ನಾಗಲಿ ಪುಟವೊಂದು ಮುಟ್ಟಲು ಹೊರಟರೆ ಅನುಮತಿ ಕೇಳುವ ಪೆಟ್ಟಿಗೆ ತೆರೆಯುತ್ತದೆ. ಅವಸರದಲ್ಲಿ ‘ಬ್ಲಾಕ್’ ಒತ್ತಿದವರಿಗೆ ಮತ್ತೆ ಆ ಪುಟದಲ್ಲಿ ಹೆಬ್ಬೆಟ್ಟಿನ ಯಂತ್ರ ಸಿಗುವುದಿಲ್ಲ, ವಿಳಾಸ ಪಟ್ಟಿಯ ಎಡಗಡೆಯ ಗುರುತು ಒತ್ತಿ ಅನುಮತಿಯನ್ನು ತಿದ್ದಬೇಕು.

ಇದಕ್ಕೂ ಹಿಂದೆ ಟೆಂಡರ್ ಹಾಕುವ ಗುತ್ತಿಗೆದಾರರು ಪಟ್ಟ ಪಾಡನ್ನು ಜಿಲ್ಲೆಯ ಇಂಟರ್‌ನೆಟ್ ಕೇಂದ್ರದವರು ಮರೆತಿರಲಾರರು. ಡಿಜಿಟಲ್ ಸಹಿಗೆ ಜಾವಾ ಪ್ಲಗಿನ್ ಬೇಕಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ 45 ಆ ಪ್ಲಗಿನ್‌ಗಳನ್ನು ಪೂರ್ತಿ ಕೈಬಿಟ್ಟಿತು, 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ 52 ಅದೇ ದಾರಿ ಹಿಡಿಯಿತು. ಉಳಿದದ್ದು ಇಂಟರ್‌ನೆಟ್ ಎಕ್ಸ್‌ಪ್ಲೋರರ್, ಅದೂ 2022ರ ಜೂನ್ 15ಕ್ಕೆ ನಿವೃತ್ತಿಯಾಯಿತು. ಬ್ರೌಸರ್ ಕಂಪನಿಗಳ ಕಾರಣ ಸರಿಯಾದದ್ದೇ, ಆ ಪ್ಲಗಿನ್‌ಗಳು ಕಳ್ಳರ ಹೆದ್ದಾರಿಯಾಗಿದ್ದವು. ಹಳ್ಳಿಯ ಯಂತ್ರಕ್ಕೆ ಬದಲಿ ದಾರಿ ತಲುಪುವ ಮುನ್ನವೇ ಹಳೆಯ ದಾರಿ ಮುಚ್ಚಿದ್ದು ಮಾತ್ರ ಸರಿಯಲ್ಲ.

ಕಾವಲುಗಾರರು ತಮ್ಮತಮ್ಮಲ್ಲೇ ಡಿಕ್ಕಿ ಹೊಡೆದುಕೊಂಡ ಉದಾಹರಣೆಗಳೂ ಬೇಕಾದಷ್ಟಿವೆ. 2011ರ ಸೆಪ್ಟೆಂಬರ್ 30ರಂದು ಮೈಕ್ರೋಸಾಫ್ಟ್‌ನ ಆಂಟಿವೈರಸ್ ಕ್ರೋಮ್ ಬ್ರೌಸರನ್ನೇ ಬ್ಯಾಂಕ್ ಪಾಸ್‌ವರ್ಡ್ ಕದಿಯುವ ಝೀಬಾಟ್ ಎಂದು ಭಾವಿಸಿ ಸುಮಾರು 3,000 ಗ್ರಾಹಕರ ಯಂತ್ರಗಳಲ್ಲಿ ತೊಂದರೆ ಕೊಟ್ಟಿತು. 2012ರ ಸೆಪ್ಟೆಂಬರ್‌ನಲ್ಲಿ ಸೋಫೋಸ್ ಆಂಟಿವೈರಸ್ ತನ್ನದೇ ಅಪ್‌ಡೇಟ್ ತಂತ್ರಾಂಶವನ್ನು ವೈರಸ್ ಎಂದಿತು. 2019ರ ಫೆಬ್ರುವರಿಯಲ್ಲಿ ಅವಾಸ್ಟ್ ಮತ್ತು ಎವಿಜಿ ಆಂಟಿವೈರಸ್‌ಗಳು ಸುರಕ್ಷಿತ ಜಾಲತಾಣಗಳ ನಡುವೆ ತಲೆಹಾಕಿ ತಪಾಸಿಸುತ್ತಿದ್ದುದರಿಂದ, ಹೊಸ ಫೈರ್‌ಫಾಕ್ಸ್ 65ರಲ್ಲಿ ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ತುಂಬಿಕೊಂಡಿತು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ವಿಂಡೋಸ್‌ಗೆ ಆ ಆವೃತ್ತಿಯ ಹಂಚಿಕೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅದಕ್ಕಿಂತ ಕೆಟ್ಟದ್ದು 2010ರ ಏಪ್ರಿಲ್ 21ರ ಘಟನೆ. ಮ್ಯಾಕಫಿಯ 5958ನೇ ಗುರುತಿನ ಪಟ್ಟಿ ವಿಂಡೋಸ್ ಎಕ್ಸ್‌ಪಿಯ ಜೀವನಾಡಿಯಂಥ ಒಂದು ಕಡತವನ್ನು ವೈರಸ್ ಎಂದು ಎತ್ತಿಹಾಕಿತು, ಯಂತ್ರಗಳು ಶುರುವಾಗುವುದು ಆರಿಹೋಗುವುದು ಇದರಲ್ಲೇ ಸುತ್ತತೊಡಗಿದವು.

ನಿಧಾನಗತಿಗೂ ಇಂಥದ್ದೇ ಮೂಲ. ಫೈರ್‌ಫಾಕ್ಸ್ ತೆರೆದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ವಿಂಡೋಸ್‌ನದೇ ಆಂಟಿವೈರಸ್ ಡಿಫೆಂಡರ್‌ನ ‘ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್’ ಎಂಬ ಸಾಲು ಉಬ್ಬಿ ಕೂರುವುದನ್ನು ಅನೇಕರು ಕಂಡಿದ್ದರು. ಬ್ರೌಸರ್ ಮೆಮೊರಿಯ ಅನುಮತಿ ಬದಲಿಸಿದಾಗಲೆಲ್ಲ ಡಿಫೆಂಡರ್ ಪ್ರತಿಯೊಂದನ್ನೂ ಪರೀಕ್ಷಿಸಲು ಹೋಗುತ್ತಿತ್ತು. 2018ರಲ್ಲಿ ದಾಖಲಾದ ಈ ದೂರಿಗೆ ಪರಿಹಾರ ಬಂದದ್ದು 2023ರಲ್ಲಿ. ಬಂದ ಮೇಲೆ ಫೈರ್‌ಫಾಕ್ಸ್ ಬಳಸುವಾಗಿನ ಡಿಫೆಂಡರ್‌ನ ಹೊರೆ ಸುಮಾರು ಶೇ 75ರಷ್ಟು ತಗ್ಗಿತು. ಐದು ವರ್ಷ ಜನ ತಮ್ಮ ಯಂತ್ರ ಹಳೆಯದಾಯಿತೆಂದೇ ನಂಬಿದ್ದರು.

ಹಾಗಾದರೆ ಆಂಟಿವೈರಸ್ ತೆಗೆದೇ ಬಿಡೋಣವೇ? ಅದು ತೀರಾ ಅಪಾಯದ ಮಾತು. ಡಿಟಿಪಿ ಅಂಗಡಿಯ ಕಂಪ್ಯೂಟರಿಗೆ ಬೆಳಗಿನಿಂದ ಸಂಜೆವರೆಗೆ ಹತ್ತಾರು ಪೆನ್‌ಡ್ರೈವ್ ಚುಚ್ಚುತ್ತಾರೆ, ಒಬ್ಬರದರಲ್ಲಿದ್ದ ಹುಳು ಇನ್ನೊಬ್ಬರದಕ್ಕೆ ಹೋಗುತ್ತದೆ. 2017ರ ಮೇ 12ರಂದು ಹಬ್ಬಿದ ವನ್ನಾಕ್ರೈ ಕಡತಗಳಿಗೆಲ್ಲ ಬೀಗ ಹಾಕಿ ಹಣ ಕೇಳಿತು. ಹಳೆಯ ಪತ್ರಗಳು, ಗಿರಾಕಿಗಳ ಆಧಾರ್ ಪ್ರತಿಗಳು ತುಂಬಿರುವ ಯಂತ್ರಕ್ಕೆ ಅಂಥದ್ದು ಬಂದರೆ ಕಳೆದುಹೋಗುವುದು ಅಂಗಡಿಯವರ ದುಡಿಮೆಯಷ್ಟೇ ಅಲ್ಲ. ಕಾವಲು ಬೇಕೇಬೇಕು. ಆದರೆ ಕಾವಲಿಗೆ ಎಷ್ಟು ಆಳದವರೆಗೆ ಜಾಗ ಕೊಡಬೇಕು ಎಂಬ ಪ್ರಶ್ನೆಯನ್ನು 2024ರ ಜುಲೈ 19ರ ಶುಕ್ರವಾರ ಜಗತ್ತಿನ ಮುಂದೆ ಇಟ್ಟಿತು. ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಕಂಪನಿಯ ಒಂದೇ ಒಂದು ದೋಷದ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಅಂದು ಚೆಕ್-ಇನ್ ಏರುಪೇರಾಯಿತು. ಆ ತಂತ್ರಾಂಶ ವಿಂಡೋಸ್‌ನ ಗರ್ಭಗುಡಿಯಾದ ಕರ್ನೆಲ್‌ನಲ್ಲಿ ಕೂತಿತ್ತು, ಅದು ಎಡವಿದಾಗ ಇಡೀ ಯಂತ್ರ ಬಿತ್ತು. ಆ ಬಳಿಕ ಮೈಕ್ರೋಸಾಫ್ಟ್ ಸುರಕ್ಷತಾ ತಂತ್ರಾಂಶಗಳನ್ನು ಕರ್ನೆಲ್‌ನಿಂದ ಹೊರಗೆ ಕೂರಿಸುವ ವ್ಯವಸ್ಥೆಗೆ ಕೈಹಾಕಿದೆ.

ಅಂಗಡಿಯವರು ಇವತ್ತೇ ಮಾಡಬಹುದಾದ ಕೆಲಸಗಳಿವೆ. ಒಂದೇ ಯಂತ್ರದಲ್ಲಿ ಎರಡು ಕಂಪನಿಯ ಆಂಟಿವೈರಸ್ ಹಾಕಬಾರದು. ಪುಣೆಯ ಕ್ವಿಕ್ ಹೀಲ್ ಆಗಲಿ ಚೆನ್ನೈನ ಕೆ7 ಆಗಲಿ ಹಾಕಿದರೆ ವಿಂಡೋಸ್‌ನ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ, ಅದರ ಮೇಲೆ ಇನ್ನೊಂದು ಬೇಡ. ಟೈಪಿಂಗ್ ತಂತ್ರಾಂಶ ಮಾಯವಾಗಿದ್ದರೆ ಹೊಸದಾಗಿ ಹಾಕುವ ಮೊದಲು ಆಂಟಿವೈರಸ್‌ನ ಕ್ವಾರಂಟೈನ್ ಪಟ್ಟಿ ನೋಡಬೇಕು, ಡಿಫೆಂಡರ್‌ನಲ್ಲಾದರೆ ‘ಪ್ರೊಟೆಕ್ಷನ್ ಹಿಸ್ಟರಿ’. ಅಲ್ಲಿ ಸಿಕ್ಕರೆ, ಅದು ತಯಾರಕರ ಅಧಿಕೃತ ತಾಣದಿಂದ ಬಂದದ್ದೇ ಎಂದು ಖಾತ್ರಿ ಮಾಡಿಕೊಂಡು ಮರಳಿ ತಂದು, ಆ ಒಂದು ಕಡತಕ್ಕೆ ಮಾತ್ರ ವಿನಾಯಿತಿ ಕೊಡಬೇಕು. ಇಡೀ ಸಿ ಡ್ರೈವ್‌ಗೆ ವಿನಾಯಿತಿ ಕೊಟ್ಟರೆ ಕಾವಲು ಇದ್ದೂ ಇಲ್ಲದಂತೆ. ಸ್ನೇಹಿತರ ಪೆನ್‌ಡ್ರೈವ್‌ನಿಂದ ಬಂದ ನುಡಿ ಪ್ರತಿಯ ಬಗ್ಗೆ ಆಂಟಿವೈರಸ್ ಕೂಗಿದರೆ ಅದನ್ನು ನಂಬಿ, ಆ ಪ್ರತಿಯಲ್ಲಿ ನಿಜಕ್ಕೂ ಹುಳು ಸೇರಿರಬಹುದು. ಅನುಮಾನವಿದ್ದರೆ ವೈರಸ್‌ಟೋಟಲ್ ತಾಣದಲ್ಲಿ ಆ ತಂತ್ರಾಂಶದ ಕಡತವನ್ನು ಹಾಕಿ ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಮ್ಮೆಗೇ ಪಡೆಯಬಹುದು. ಅಲ್ಲಿ ಹಾಕಿದ್ದು ಬೇರೆಯವರಿಗೂ ಸಿಗುತ್ತದೆ, ಆದ್ದರಿಂದ ಗಿರಾಕಿಗಳ ಪತ್ರ, ಆಧಾರ್ ಪ್ರತಿಗಳನ್ನು ಅಲ್ಲಿಗೆ ಎಂದೂ ಹಾಕಬಾರದು.

ಅಂಗಡಿಯವರಿಂದ ಆಗದ ಕೆಲಸವೇ ಹೆಚ್ಚಿನದು. ಕನ್ನಡ ತಂತ್ರಾಂಶ ಮಾಡುವವರು ಪ್ರತಿ ಆವೃತ್ತಿಗೂ ಡಿಜಿಟಲ್ ಸಹಿ ಹಾಕಬೇಕು. ಬಿಡುಗಡೆಗೆ ಮುನ್ನ ಅದನ್ನು ಆಂಟಿವೈರಸ್ ಕಂಪನಿಗಳಿಗೆ ಪರೀಕ್ಷೆಗೆ ಕಳಿಸಬೇಕು. ತಪ್ಪು ಗುರುತಿನ ದೂರು ಕೊಡಲು ಮೈಕ್ರೋಸಾಫ್ಟ್‌ನಲ್ಲಿ ಪ್ರತ್ಯೇಕ ಪುಟವೇ ಇದೆ. ಹುಕ್ ಬಿಟ್ಟು, ವಿಂಡೋಸ್ ಒಪ್ಪುವ ಭಾಷಾ ಕೀಲಿಮಣೆಯ ಚೌಕಟ್ಟಿಗೆ ಬರಬೇಕು. 2019ರ ಮೇ ಆವೃತ್ತಿಯಿಂದ ವಿಂಡೋಸ್ 10ರೊಳಗೇ ಕನ್ನಡ ಫೊನೆಟಿಕ್ ಕೀಲಿಮಣೆ ಇದೆ, ಇನ್‌ಸ್ಕ್ರಿಪ್ಟ್ ಅದಕ್ಕೂ ಮೊದಲಿಂದಲೂ ಇದೆ. ಅವುಗಳಿಗೆ ಈ ತೊಂದರೆ ಯಾವುದೂ ಇಲ್ಲ. ಆದರೆ ನಾಗಮಂಗಲದ ಟೈಪಿಸ್ಟ್‌ನ ಬೆರಳು ಪಳಗಿರುವುದು ಕೆ.ಪಿ. ರಾವ್ ರೂಪಿಸಿದ, ರಾಜ್ಯ ಸರ್ಕಾರ ಪ್ರಮಾಣಕವೆಂದು ಒಪ್ಪಿದ ವಿನ್ಯಾಸಕ್ಕೆ. ಇಪ್ಪತ್ತು ವರ್ಷದ ಬೆರಳ ಅಭ್ಯಾಸವನ್ನು ಬದಲಿಸಿಕೋ ಎಂದು ಹೇಳುವುದು ಸುಲಭ, ದಿನಕ್ಕೆ ನಲವತ್ತು ಪುಟ ಟೈಪ್ ಮಾಡಿ ಸಂಸಾರ ಸಾಗಿಸುವವರಿಗೆ ಅದು ತಿಂಗಳುಗಳ ದುಡಿಮೆಯ ನಷ್ಟ.

ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಅದೇ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ವ್ಯವಸ್ಥೆಯ ಕೀಲಿಮಣೆ ಪಟ್ಟಿಯೊಳಗೇ ಇದೆ. ಅಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ಯಾವ ಹುಕ್ ಇಲ್ಲದೆ ‘ಕನ್ನಡ’ ಮೂಡುತ್ತದೆ, ಯಾವ ಕಾವಲುಗಾರನೂ ಅಡ್ಡ ಬರುವುದಿಲ್ಲ. ಸರ್ಕಾರಿ ಕಚೇರಿಗಳಿಗೆ ಸಾವಿರಾರು ವಿಂಡೋಸ್ ಯಂತ್ರಗಳನ್ನು ಕೊಳ್ಳುವ ಕರ್ನಾಟಕ ಸರ್ಕಾರ, ತನ್ನದೇ ಪ್ರಮಾಣಕ ವಿನ್ಯಾಸ ವಿಂಡೋಸ್‌ನ ಪಟ್ಟಿಯಲ್ಲೂ ಇರಲಿ ಎಂದು ಮೈಕ್ರೋಸಾಫ್ಟನ್ನು ಕೇಳಬೇಕು, ಕೊಳ್ಳುವ ಕರಾರಿನಲ್ಲೇ ಅದನ್ನು ಬರೆಸಬೇಕು.